ಇಳಿಯೋರು ಮೊದಲು ಇಳೀಲಿ: ಬೆಳಗಾವಿಯ ಸಿಟಿ ಬಸ್ ಪ್ರಯಾಣಿಕರಿಗೆ ಒಂದು ಬಹಿರಂಗ ಪತ್ರ

ದಿನಾ ಬೆಳಿಗ್ಗೆ ನನ್ನ ಜೊತೆ ಸಿಟಿ ಬಸ್ ಹತ್ತುವ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ, ಹಿರಿಯರಿಗೆ ನಮಸ್ಕಾರ.

ಹೆಸರು ಹೇಳಿದರೆ ನಾನು ಯಾರು ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ, ಮುಖ ನೋಡಿದರೆ ಗೊತ್ತಾದೀತು. ಮಹಾಂತೇಶ ನಗರದಲ್ಲಿ ಹತ್ತಿ, ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಉದ್ಯಮಬಾಗದ ಗಾಡಿ ಹಿಡಿಯುತ್ತೇನೆ. ಒಂದು ಫೌಂಡ್ರಿಯ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಈ ದಾರಿಯಲ್ಲಿ ಓಡಾಡಲು ಶುರು ಮಾಡಿ ಹನ್ನೆರಡು ವರ್ಷ ಆಯಿತು. ನಿಮ್ಮಲ್ಲಿ ಎಷ್ಟೋ ಜನರ ಬುತ್ತಿ ಡಬ್ಬಿ ನನ್ನ ತೊಡೆಯ ಮೇಲೆ ಕೂತು ಬಂದಿದೆ. ನಾನು ನಿಂತ ದಿನ ನನ್ನ ಡಬ್ಬಿ ನಿಮ್ಮ ತೊಡೆಯ ಮೇಲೆ ಬಂದಿದೆ.

ಬರೆಯೋಕೆ ಕೂತಾಗ ಮೇಲಿನ ಸಾಹೇಬರಿಗೇ ಬರೆಯೋಣ ಅಂದುಕೊಂಡಿದ್ದೆ. ಗಾಡಿ ಕಡಿಮೆ, ಟೈಮಿಗೆ ಬರಲ್ಲ, ಸ್ಟಾಪಿನಲ್ಲಿ ನಿಲ್ಲಲ್ಲ. ಇದನ್ನೆಲ್ಲ ಅವರಿಗೆ ಹೇಳಲೇಬೇಕು, ಕೊನೆಯಲ್ಲಿ ಹೇಳುತ್ತೇನೆ. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ ನಡೆದ ವಿಷಯದಲ್ಲಿ ಯಾವ ಸಾಹೇಬರೂ ಇರಲಿಲ್ಲ. ನಾವೇ ಇದ್ದೆವು. ಅದಕ್ಕೇ ಮೊದಲು ನಿಮಗೆ ಬರೆಯುತ್ತಿದ್ದೇನೆ.

ಅವತ್ತು ಕೇಂದ್ರ ಬಸ್ ನಿಲ್ದಾಣದಲ್ಲಿ ಉದ್ಯಮಬಾಗದ 8.40ರ ಗಾಡಿ ಒಂಬತ್ತಾದರೂ ಬಂದಿರಲಿಲ್ಲ. ಅರವತ್ತು ಎಪ್ಪತ್ತು ಜನ ಸೇರಿದ್ದೆವು. ಗಾಡಿ ತಿರುವಿನಲ್ಲಿ ಕಂಡಿದ್ದೇ ತಡ, ಎಲ್ಲರೂ ಓಡಿದೆವು. ಅದು ಇನ್ನೂ ನಿಂತಿರಲಿಲ್ಲ, ಹುಡುಗರು ಬಾಗಿಲಿನ ಕಂಬಿ ಹಿಡಿದು ಜೋತುಬಿದ್ದರು. ಕಿಟಕಿಗಳೊಳಗೆ ಕರ್ಚೀಫು, ಟವಲು, ಚೀಲ ಬಿದ್ದವು. ಹಳ್ಳಿ ಕಡೆಯ ಟ್ರಿಪ್ ಮುಗಿಸಿಕೊಂಡು ಬಂದ ಗಾಡಿ ಅದು. ಒಳಗೆ ಇಳಿಯೋರೂ ತುಂಬಿದ್ದರು. ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಎಪ್ಪತ್ತು ದಾಟಿರಬೇಕು. ಇಳಕಲ್ ಸೀರೆ, ಸೊಂಟದ ಮೇಲೆ ಪಲ್ಯದ ಬುಟ್ಟಿ, ಇನ್ನೊಂದು ಕೈ ಕಂಬಿಯ ಮೇಲೆ. ಒಂದು ಕಾಲು ಮೇಲಿನ ಮೆಟ್ಟಿಲ ಮೇಲಿತ್ತು, ಇನ್ನೊಂದು ಕಾಲು ಕೆಳಗಿನ ಮೆಟ್ಟಿಲು ಹುಡುಕುತ್ತಿತ್ತು.

"ಇಳ್ಯಾಕ ಬಿಡ್ರೆವ್ವಾ, ನಾ ಇಳೀತೀನಿ" ಅಂದಳು. ನನಗೆ ಸರಿಯಾಗಿಯೇ ಕೇಳಿಸಿತು. ಕೇಳಿಸಿದರೂ ನಾನು ಹತ್ತಿದೆ.

ನನ್ನ ಭುಜ ಅವಳ ಮೊಣಕೈಗೆ ಬಡಿಯಿತು. ಬುಟ್ಟಿ ವಾಲಿತು. ಮೆಂತ್ಯೆ ಪಲ್ಯದ ಸಿವುಡುಗಳು ಮೆಟ್ಟಿಲ ಮೇಲೆ ಬಿದ್ದವು. ನನ್ನ ಹಿಂದಿನವರು ಅದನ್ನು ತುಳಿದರು, ಅವರ ಹಿಂದಿನವರೂ ತುಳಿದರು. ನಾನು ಒಳಗೆ ಹೋಗಿ ಕಿಟಕಿ ಪಕ್ಕದ ಸೀಟು ಹಿಡಿದೆ. ತಿರುಗಿ ನೋಡಿದರೆ ಅಜ್ಜಿ ಜನರ ಒತ್ತಿಗೆ ಮತ್ತೆ ಒಳಗೆ ಬಂದು, ಡ್ರೈವರ್ ಸೀಟಿನ ಹಿಂದಿನ ಕಂಬಿಗೆ ಆತು ನಿಂತಿದ್ದಳು. ಗಾಡಿ ಹೊರಟೇಬಿಟ್ಟಿತು. ಕಂಡಕ್ಟರ್ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿ ನಿಲ್ದಾಣದ ಗೇಟಿನ ಹತ್ತಿರ ನಿಲ್ಲಿಸಿದರು. ಅಜ್ಜಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಬಿದ್ದ ಸಿವುಡುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿಕೊಂಡಳು. ಕೆಸರಾದದ್ದನ್ನೂ ಬಿಡಲಿಲ್ಲ, ಸೆರಗಿನಿಂದ ಒರೆಸಿ ಹಾಕಿಕೊಂಡಳು. ಯಾರನ್ನೂ ಬೈಯಲಿಲ್ಲ. ಇಳಿಯುವಾಗ ಇಷ್ಟೇ ಹೇಳಿದಳು: "ಹತ್ತಬ್ಯಾಡ್ರಿ ಅಂತ ಯಾರಂದಾರ? ಒಂದೀಟು ತಡದ ಹತ್ರಿ."

ಮೂರನೇ ಗೇಟಿನ ಮೇಲ್ಸೇತುವೆ ದಾಟಿ ಉದ್ಯಮಬಾಗ ಬರೋವರೆಗೂ ಬಸ್ಸಿನಲ್ಲಿ ತುಳಿದ ಮೆಂತ್ಯೆಯ ವಾಸನೆ ಇತ್ತು. ಆಫೀಸಿನಲ್ಲಿ ಕೂತ ಮೇಲೂ ನನಗೆ ಆ ವಾಸನೆ ಬರುತ್ತಿತ್ತು. ನೋಡಿದರೆ ನನ್ನ ಚಪ್ಪಲಿಯ ಅಡಿಯಲ್ಲಿ ಎಲೆ ಅಂಟಿತ್ತು.

ಆ ಅಜ್ಜಿಯ ವಯಸ್ಸಿನ ನನ್ನ ಅತ್ತೆ ಮನೆಯಲ್ಲಿದ್ದಾರೆ. ಅವರು ಮೆಟ್ಟಿಲು ಇಳಿಯುವಾಗ ನಾನೇ ಕೈ ಹಿಡಿಯುತ್ತೇನೆ. ನೀವೂ ಹಾಗೇ ಅಲ್ವಾ? ಮನೆಗೆ ಬಂದವರಿಗೆ "ಇನ್ನೊಂದು ರೊಟ್ಟಿ ಹಾಕ್ಕೋರಿ" ಎಂದು ಬೇಡ ಅಂದರೂ ತಟ್ಟೆಗೆ ಹಾಕುವ ಜನ ನಾವು. ಅದೇ ನಾವು ಬಸ್ಸಿನ ಬಾಗಿಲಲ್ಲಿ ಯಾಕೆ ಹೀಗಾಗುತ್ತೇವೆ? ಒಂದು ತಿಂಗಳಿಂದ ಇದನ್ನೇ ಯೋಚಿಸುತ್ತಿದ್ದೇನೆ. ಲೆಕ್ಕ ಬರೆಯುವವಳಾದ್ದರಿಂದ ಲೆಕ್ಕದ ಹಾಗೇ ಯೋಚಿಸಿದೆ.

ನಮ್ಮನ್ನು ನುಗ್ಗಿಸುವುದು ಹೆದರಿಕೆ. ಇದು ತಪ್ಪಿದರೆ ಮುಂದಿನ ಗಾಡಿ ಯಾವಾಗ ಅಂತ ಗೊತ್ತಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಹತ್ತು ನಿಮಿಷ ತಡವಾದರೆ ಹಾಜರಿ ಹೋಗುತ್ತದೆ, ಅರ್ಧ ದಿನದ ಪಗಾರ ಹೋಗುತ್ತದೆ. ಉದ್ಯಮಬಾಗ, ಮಚ್ಛೆ ಕಡೆ ದುಡಿಯುವ ಪ್ರತಿಯೊಬ್ಬರಿಗೂ ಇದು ಗೊತ್ತು. ಅದಕ್ಕೇ ಸಿಕ್ಕಿದ ಗಾಡಿಯನ್ನು ಹೇಗಾದರೂ ಹತ್ತಲೇಬೇಕು. ಇಲ್ಲಿಯವರೆಗೆ ತಪ್ಪು ನಮ್ಮದಲ್ಲ.

ಆದರೆ ಮುಂದೆ ಕೇಳಿ. ಬಸ್ಸಿನ ಬಾಗಿಲು ಎಷ್ಟು ಅಗಲ? ಒಬ್ಬರು ಆರಾಮಾಗಿ ಹೋಗಬಹುದು, ಇಬ್ಬರು ಒತ್ತಿಕೊಂಡು ಹೋಗಬಹುದು. ಅಷ್ಟರಲ್ಲೇ ಹತ್ತು ಜನ ಇಳಿಯಬೇಕು, ಇಪ್ಪತ್ತು ಜನ ಹತ್ತಬೇಕು. ಇಳಿಯೋರು ಇಳಿಯದೆ ಒಳಗೆ ಜಾಗ ಆಗಲ್ಲ. ಜಾಗ ಆಗದೆ ಹತ್ತೋರು ಒಳಗೆ ಹೋಗಲ್ಲ. ಇಬ್ಬರೂ ಒಂದೇ ಸಲ ನುಗ್ಗಿದರೆ ಬಾಗಿಲಲ್ಲಿ ಗಂಟು ಬೀಳುತ್ತದೆ. ಸುಮ್ನೆ ನಿಂತು ಇಳಿಯೋಕೆ ಬಿಟ್ಟರೆ ಬೇಗ ಮುಗಿಯುವ ಕೆಲಸಕ್ಕೆ ಎಷ್ಟೋ ಹೊತ್ತು ಹಿಡಿಯುತ್ತದೆ. ಒಂದೊಂದು ಸ್ಟಾಪಿನಲ್ಲಿ ಒಂದೊಂದು ನಿಮಿಷ ಜಾಸ್ತಿ ಹೋಯಿತು ಅಂತ ಹಿಡಿಯಿರಿ, ಹದಿನೈದು ಸ್ಟಾಪಿಗೆ ಹದಿನೈದು ನಿಮಿಷ. ಕಾಲು ತಾಸು ನಮ್ಮ ಬಾಗಿಲಲ್ಲೇ ಹೋಯಿತು.

ಅಷ್ಟಕ್ಕೇ ಮುಗಿಯಲ್ಲ. "ಒಂದು ತಾಸು ಒಂದೂ ಬರಲ್ಲ, ಬಂದರೆ ಎರಡೆರಡು ಒಟ್ಟಿಗೆ ಬರ್ತಾವ" ಎಂದು ನಾವೆಲ್ಲ ಬೈಯುತ್ತೇವೆ ನೋಡಿ, ಅದರ ಹಿಂದೆಯೂ ಇದೇ ಇದೆ. ಮೊದಲ ಗಾಡಿ ಒಂದು ಸ್ಟಾಪಿನಲ್ಲಿ ಸ್ವಲ್ಪ ತಡವಾಯಿತು ಅನ್ನಿ. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಜನ ಜಾಸ್ತಿ ಇದ್ದರೆ ಹತ್ತಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಇನ್ನೂ ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನ ಗಾಡಿಗೆ ಆ ತೊಂದರೆ ಇಲ್ಲ. ಜನರನ್ನೆಲ್ಲ ಮುಂದಿನದು ಎತ್ತಿಕೊಂಡು ಹೋಗಿರುತ್ತದೆ, ಇದು ಖಾಲಿ ಸ್ಟಾಪುಗಳನ್ನು ಬೇಗ ಬೇಗ ದಾಟಿ ಬಂದು ಮೊದಲನೆಯದರ ಬೆನ್ನಿಗೆ ಬಂದು ನಿಲ್ಲುತ್ತದೆ. ಮುಂದಿನದು ಗಿಜಿಗಿಜಿ, ಹಿಂದಿನದು ಅರ್ಧ ಖಾಲಿ. ಅವೆರಡೂ ಹೋದ ಮೇಲೆ ಮತ್ತೆ ಉದ್ದನೆಯ ಕಾಯುವಿಕೆ. ಕಾದು ಕಾದು ಮತ್ತೆ ಹೆದರಿಕೆ, ಮತ್ತೆ ನುಗ್ಗಾಟ. ಗಾಡಿ ತಡವಾಗಿ ಬರುತ್ತದೆ ಅಂತ ನುಗ್ಗುತ್ತೇವೆ, ನುಗ್ಗಿದ್ದಕ್ಕೆ ಗಾಡಿ ಮತ್ತಷ್ಟು ತಡವಾಗುತ್ತದೆ.

ಪೂರ್ತಿ ತಡ ನಮ್ಮಿಂದಲೇ ಅಂತ ನಾನು ಹೇಳುತ್ತಿಲ್ಲ. ಚನ್ನಮ್ಮ ವೃತ್ತದ ಸಿಗ್ನಲ್ ಇದೆ, ರೈಲ್ವೆ ಗೇಟು ಇದೆ, ಗಣೇಶನ ಹಬ್ಬದಲ್ಲಿ ಮೆರವಣಿಗೆ ಇದೆ, ಡಿಸೆಂಬರಿನಲ್ಲಿ ಅಧಿವೇಶನದ ಬಂದೋಬಸ್ತ್ ಇದೆ. ಅವು ಯಾವುವೂ ನಮ್ಮ ಕೈಯಲ್ಲಿಲ್ಲ. ಬಾಗಿಲು ನಮ್ಮ ಕೈಯಲ್ಲಿದೆ.

ಒಳಗಿನ ವಿಷಯವೂ ಬಾಗಿಲಿಗೇ ಬಂದು ನಿಲ್ಲುತ್ತದೆ. ಕಂಡಕ್ಟರ್ ದಿನಕ್ಕೆ ನೂರು ಸಲ "ಮುಂದ ಸರೀರಿ, ಮುಂದ ಸರೀರಿ" ಎಂದು ಕೂಗುತ್ತಾರೆ. ಮರಾಠಿ ಮಾತಾಡುವವರಿಗೆ "ಪುಢೆ ಸರಕಾ" ಎಂದೂ ಕೂಗುತ್ತಾರೆ. ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗ ಇರುತ್ತದೆ, ಬಾಗಿಲ ಹತ್ತಿರ ಮಾತ್ರ ಉಸಿರಾಡಲೂ ಆಗಲ್ಲ. ಯಾಕೆ ಸರಿಯಲ್ಲ ನಾವು? ಒಳಗೆ ಹೋದರೆ ನಮ್ಮ ಸ್ಟಾಪಿನಲ್ಲಿ ಇಳಿಯೋಕೆ ಯಾರೂ ದಾರಿ ಬಿಡಲ್ಲ ಅಂತ ನಮಗೇ ಗೊತ್ತು.

ವಯಸ್ಸಾದವರನ್ನು ಗಮನಿಸಿ ನೋಡಿ. ಗೋವಾವೇಸ್‌ನಲ್ಲಿ ಇಳಿಯಬೇಕಾದವರು ಎರಡು ಸ್ಟಾಪು ಮೊದಲೇ ಏಳುತ್ತಾರೆ. ಕೂತಿದ್ದ ಸೀಟು ಬಿಟ್ಟು, ಗಾಡಿ ತಿರುಗಿದಾಗಲೆಲ್ಲ ವಾಲುತ್ತ, ಸೀಟಿನ ಹಿಡಿಕೆಯಿಂದ ಹಿಡಿಕೆಗೆ ಕೈ ಬದಲಿಸುತ್ತ ಬಾಗಿಲಿಗೆ ಬರುತ್ತಾರೆ. "ಕೂಡ್ರಿ ಅಜ್ಜಾ, ಇನ್ನೂ ದೂರ ಐತಿ" ಅಂದರೆ "ಇರ್ಲಿ ಬಿಡವ್ವಾ, ಆಮ್ಯಾಲ ಇಳ್ಯಾಕ ಆಗೂದಿಲ್ಲ" ಅನ್ನುತ್ತಾರೆ. ನೋವಿರುವ ಮೊಣಕಾಲಿನ ಮೇಲೆ ಐದು ನಿಮಿಷ ನಿಲ್ಲುತ್ತಾರೆ, ನಮ್ಮ ಮೇಲೆ ನಂಬಿಕೆ ಇಲ್ಲದ್ದಕ್ಕೆ. ಬಾಗಿಲಲ್ಲಿ ದಾರಿ ಸಿಗುತ್ತದೆ ಅಂತ ಒಂದು ಸಲ ನಂಬಿಕೆ ಬಂದರೆ ಅವರೂ ಕೂತಿರುತ್ತಾರೆ, ನಾವೂ ಒಳಗೆ ಸರಿಯುತ್ತೇವೆ.

ಕಿಟಕಿಯಿಂದ ಕರ್ಚೀಫ್ ಹಾಕುವವರಿಗೆ ಒಂದು ಮಾತು. ಬಸ್ಸಿನ ಒಳಗೆ ಕಾಲಿಟ್ಟವರದು ಸೀಟು, ಕರ್ಚೀಫಿನದಲ್ಲ. ಅರ್ಧ ತಾಸು ಮೊದಲು ಬಂದು ನಿಂತವರು ಹತ್ತಿ ನೋಡಿದಾಗ ಆರು ಸೀಟಿನ ಮೇಲೆ ಆರು ವಸ್ತ್ರ ಬಿದ್ದಿರುತ್ತವೆ, ಜನ ಇನ್ನೂ ಹೊರಗೇ ಇರುತ್ತಾರೆ. ಸೀಟು ಹಿಡಿಯಲಿ ಎಂದು ಸಣ್ಣ ಮಗುವನ್ನೇ ಕಿಟಕಿಯಿಂದ ಒಳಗೆ ದಾಟಿಸಿದ್ದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಗಾಡಿ ಜರಗಿದರೆ ಏನು ಗತಿ?

ಈಗ ಸ್ವಲ್ಪ ಕಷ್ಟದ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅವತ್ತಿನಿಂದ ನಮಗೆ, ಹೆಣ್ಣುಮಕ್ಕಳಿಗೆ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಮೊದಲು ನಾನು ತಿಂಗಳ ಪಾಸು ತೆಗೆಸುತ್ತಿದ್ದೆ. ಆ ದುಡ್ಡು ಈಗ ಮಗಳ ಟ್ಯೂಷನ್ ಫೀಸಿಗೆ ಹೋಗುತ್ತದೆ. ನಮ್ಮ ಓಣಿಯಲ್ಲಿ ಮನೆಗೆಲಸಕ್ಕೆ ಹೋಗುವ ಒಬ್ಬರು ಹತ್ತಿರದ ಎರಡು ಮನೆ ಬಿಟ್ಟು, ಪಗಾರ ಜಾಸ್ತಿ ಇರುವ ತಿಲಕವಾಡಿಯ ಮನೆ ಹಿಡಿದಿದ್ದಾರೆ. ಬಸ್ಸಿಗೆ ದುಡ್ಡು ಕೊಡಬೇಕಿದ್ದರೆ ಅಷ್ಟು ದೂರ ಹೋಗುವುದು ಅವರಿಗೆ ಪೂರೈಸುತ್ತಿರಲಿಲ್ಲ. ಈ ಯೋಜನೆ ಬೇಕೇ ಬೇಕು, ನನಗೆ ಅದರಲ್ಲಿ ಎರಡು ಮಾತಿಲ್ಲ.

ಅಣ್ಣಂದಿರೇ, "ಪುಕ್ಕಟೆ ಬಂದೋರು ಎದ್ದು ನಿಲ್ರಿ, ನಾವು ರೊಕ್ಕ ಕೊಟ್ಟೀವಿ" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಆ ಮಾತು ಎಷ್ಟು ಚುಚ್ಚುತ್ತದೆ ಅಂತ ನಿಮಗೆ ಗೊತ್ತಿಲ್ಲ. ಎಂಟು ತಾಸು ನಿಂತು ಕೆಲಸ ಮಾಡಿ ಬಂದ ಹೆಣ್ಣುಮಗಳು ಸುಮ್ನೆ ಎದ್ದು ನಿಂತದ್ದನ್ನು ನೋಡಿದ್ದೇನೆ. ನಮ್ಮ ಶೂನ್ಯ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಕೊಡುತ್ತದೆ, ಆ ಸರ್ಕಾರದ ಖಜಾನೆಗೆ ನಾವೂ ಸೋಪು, ಚಾಪುಡಿ, ಚಪ್ಪಲಿ ಕೊಂಡಾಗಲೆಲ್ಲ ತೆರಿಗೆ ಕಟ್ಟುತ್ತೇವೆ.

ಅಕ್ಕಂದಿರೇ, ನಮಗೂ ಒಂದು ಮಾತು ಇದೆ. ಈ ಯೋಜನೆ ಬಂದಾಗಲೇ, ಬೆಂಗಳೂರಿನ ಸಿಟಿ ಬಸ್ಸು ಬಿಟ್ಟು ಉಳಿದ ಕಡೆ ಅರ್ಧ ಸೀಟು ಗಂಡಸರಿಗೆ ಅಂತ ಆದೇಶ ಆಗಿದೆ. ಅವರ ಸೀಟಿನಲ್ಲಿ ಕೂತು, ಎಪ್ಪತ್ತು ವರ್ಷದ ಅಜ್ಜ ಕಂಬಿ ಹಿಡಿದು ನಿಂತಾಗ ಕಿಟಕಿ ಕಡೆ ಮುಖ ತಿರುಗಿಸಬಾರದು. ಇನ್ನೊಂದು, ಶೂನ್ಯ ಟಿಕೆಟ್ ತೆಗೆದುಕೊಳ್ಳುವುದು. "ದುಡ್ಡಿಲ್ಲ ಅಂದ ಮ್ಯಾಲ ಟಿಕೆಟ್ ಯಾಕ?" ಎನ್ನುವವರು ಇನ್ನೂ ಇದ್ದಾರೆ. ಆ ಚೀಟಿಯ ಲೆಕ್ಕದ ಮೇಲೆಯೇ ಸರ್ಕಾರ ಬಸ್ಸಿನವರಿಗೆ ದುಡ್ಡು ಕೊಡಬೇಕು. ನಾವು ಚೀಟಿ ಪಡೆಯದೆ ಇಳಿದರೆ ನಾವು ಓಡಾಡಿದ್ದೇ ಲೆಕ್ಕಕ್ಕಿಲ್ಲ. ಚೆಕಿಂಗ್‌ನವರು ಹತ್ತಿದರೆ ಕಂಡಕ್ಟರ್‌ಗೂ ತೊಂದರೆ. ಆಧಾರ್ ಕಾರ್ಡನ್ನು ಪರ್ಸಿನ ತಳದಿಂದ ಹುಡುಕದೆ ಮೊದಲೇ ಕೈಯಲ್ಲಿ ಹಿಡಿದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷ ಉಳಿಯುತ್ತದೆ.

ಗದ್ದಲದ ಲಾಭ ಪಡೆಯುವ ಗಂಡಸರ ವಿಷಯ ಬರೆಯದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಬ್ರೇಕ್ ಹಾಕದಿದ್ದರೂ ಮೈಮೇಲೆ ಬೀಳುವವರು, ಸೀಟಿನ ಸಂದಿಯಿಂದ ಕೈ ಚಾಚುವವರು. ನನ್ನ ವಯಸ್ಸಿನ ಹೆಂಗಸರ ಪರ್ಸಿನಲ್ಲಿ ಇವತ್ತಿಗೂ ಸೇಫ್ಟಿ ಪಿನ್ ಇರುತ್ತದೆ, ಅದು ಸೀರೆಗೆ ಮಾತ್ರ ಅಲ್ಲ. ಕಾಲೇಜಿನ ಹುಡುಗಿಯರು ಬಾಯಿ ಬಿಡಲ್ಲ, ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅನ್ನುವ ಹೆದರಿಕೆ. ತಂಗೀ, ಜೋರಾಗಿ ಕೂಗು. ನಾನು ಬಸ್ಸಿನಲ್ಲಿದ್ದರೆ ನಿನ್ನ ಪಕ್ಕ ಬಂದು ನಿಲ್ಲುತ್ತೇನೆ. 112ಕ್ಕೆ ಫೋನ್ ಮಾಡಬಹುದು, ಗಾಡಿಯನ್ನು ನೇರ ಪೊಲೀಸ್ ಠಾಣೆಗೆ ತಿರುಗಿಸಿ ಅಂತ ಕಂಡಕ್ಟರ್‌ಗೆ ಹೇಳಬಹುದು. ಉಳಿದವರು "ಹೋಗ್ಲಿ ಬಿಡ್ರಿ, ಗದ್ದಲದಾಗ ಹತ್ತಿರ್ತೈತಿ" ಎಂದು ಸಮಾಧಾನ ಮಾಡೋಕೆ ಬರಬೇಡಿ. ತಡವಾದರೆ ಆಗಲಿ, ಅವತ್ತಿನ ಹಾಜರಿ ಹೋದರೂ ಹೋಗಲಿ.

ಆರ್‌ಪಿಡಿ ವೃತ್ತದಲ್ಲಿ ಹತ್ತುವ ಕಾಲೇಜು ಹುಡುಗರಿಗೆ, ನನ್ನ ತಮ್ಮಂದಿರಿಗೆ: ಬೆನ್ನ ಮೇಲಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ, ಇಲ್ಲವೇ ಕೂತವರ ಕೈಗೆ ಕೊಡಿ. ನೀವು ಗೆಳೆಯನ ಜೊತೆ ಮಾತಾಡುತ್ತ ಆ ಕಡೆ ಈ ಕಡೆ ತಿರುಗಿದಾಗ ಹಿಂದೆ ಕೂತವರ ಮುಖಕ್ಕೆ ಆ ಬ್ಯಾಗು ಬಡಿಯುತ್ತದೆ, ನಿಮಗೆ ಕಾಣಲ್ಲ. ಮತ್ತೆ ಮೆಟ್ಟಿಲ ಮೇಲೆ ಜೋತಾಡಬೇಡಿ. ಮೋಟಾರು ವಾಹನ ಕಾಯ್ದೆ 1988ರ 123ನೇ ಕಲಂ ಅದನ್ನು ಬೇಡ ಅನ್ನುತ್ತದೆ, ಆದರೆ ನಾನು ಕಲಂ ನೋಡಿ ಹೇಳುತ್ತಿಲ್ಲ. ಮುಂದಿನ ಬಾಗಿಲಿನಿಂದ ಕೈ ಜಾರಿ ಬಿದ್ದರೆ ಬೀಳುವುದು ಹಿಂದಿನ ಗಾಲಿಯ ಮುಂದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ಮಳೆಯಲ್ಲಿ ಆ ಕಂಬಿ ಒಣಗುವುದೇ ಇಲ್ಲ.

ಗುಟ್ಕಾ, ಮಾವಾ ಜಗಿದು ಕಿಟಕಿಯಿಂದ ಉಗುಳುವವರೇ, ಬಸ್ಸಿನ ಹೊರಮೈಯನ್ನು ಒಂದು ಸಲ ನಿಂತು ನೋಡಿ. ಪ್ರತಿ ಕಿಟಕಿಯ ಕೆಳಗೂ ಹಿಂದಕ್ಕೆ ಎಳೆದ ಹಾಗೆ ಕೆಂಪು ಗೀರು. ಗಾಡಿ ಮುಂದೆ ಓಡುತ್ತಿದ್ದರೆ ಉಗುಳು ಹಿಂದೆ ಹಾರುತ್ತದೆ. ಅದು ಹಿಂದಿನ ಕಿಟಕಿಯಲ್ಲಿ ಕೂತವರ ಮುಖಕ್ಕೆ, ಪಕ್ಕದಲ್ಲಿ ಸ್ಕೂಟರ್ ಮೇಲೆ ಹೋಗುವವರ ಮೈಗೆ. ಸಾರ್ವಜನಿಕ ಜಾಗದಲ್ಲಿ ತಂಬಾಕು ಉಗುಳಿದರೆ 1000 ರೂಪಾಯಿವರೆಗೆ ದಂಡ ಎಂದು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ಬಂದಿದೆ. ಮೊಬೈಲಿನಲ್ಲಿ ಜೋರಾಗಿ ರೀಲ್ಸ್ ಹಾಕುವವರಿಗೆ ಬರೀ ಒಂದು ಕೋರಿಕೆ: ಹೆಡ್‌ಫೋನ್ ಹಾಕಿಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬಂದವರು ಅದೇ ಅರ್ಧ ತಾಸು ಕಣ್ಣು ಮುಚ್ಚುತ್ತಾರೆ.

ಕಂಡಕ್ಟರ್, ಡ್ರೈವರ್ ಬಗ್ಗೆ ಬರೆಯದೆ ಹೇಗಿರಲಿ. ನಾವು ಹಿಡಿದು ನಿಲ್ಲುವ ಕಂಬಿಯನ್ನು ಹಿಡಿಯೋಕೂ ಕಂಡಕ್ಟರ್‌ಗೆ ಕೈ ಖಾಲಿ ಇರಲ್ಲ. ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ನೋಟು, ಬಗಲಲ್ಲಿ ಚೀಲ. ಸೊಂಟವನ್ನು ಸೀಟಿನ ಮೂಲೆಗೆ ಆನಿಸಿ ನಿಲ್ಲುತ್ತಾರೆ. ಎರಡು ಸ್ಟಾಪು ದಾಟುವುದರೊಳಗೆ ಮೂವತ್ತು ಜನರಿಗೆ ಟಿಕೆಟ್ ಕೊಡಬೇಕು. ಅಂಥ ಹೊತ್ತಿನಲ್ಲಿ ನಾವು ಐನೂರರ ನೋಟು ಚಾಚಿ, "ಚಿಲ್ಲರ ಇಲ್ಲ" ಅಂದರೆ "ಯಾಕಿಲ್ಲ?" ಎಂದು ಜಗಳ ತೆಗೆಯುತ್ತೇವೆ. ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ, ಇಳಿಯುವಾಗ ಕೇಳಿ ಪಡೆಯುವುದು ನಮ್ಮ ಹಕ್ಕು, ಮರೆಯಬೇಡಿ. ಅವರೂ ಮರೆಯಬಾರದು. ಕೆಲವರು ಇಳಿಯೋವರೆಗೂ ಆ ಕಡೆ ಸುಳಿಯುವುದೇ ಇಲ್ಲ, ಅದು ಸರಿಯಲ್ಲ. ಈಗ ಫೋನಿನಿಂದ ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು. ನೆಟ್‌ವರ್ಕ್ ಸಿಗುವ ಜಾಗದಲ್ಲೇ ಆಪ್ ತೆರೆದಿಟ್ಟುಕೊಂಡರೆ ಆಯಿತು, ಕಂಡಕ್ಟರ್ ಮುಂದೆ ಬಂದು ನಿಂತ ಮೇಲೆ ಪಾಸ್‌ವರ್ಡ್ ನೆನಪು ಮಾಡಿಕೊಳ್ಳುವುದು ಬೇಡ.

ಇನ್ನು ಭಾಷೆ. ನಮ್ಮ ಗಾಡಿಯಲ್ಲಿ ಕನ್ನಡ ಇದೆ, ಮರಾಠಿ ಇದೆ, ಉರ್ದು ಇದೆ. ದಿನಾ ಓಡಾಡುವ ನಾವು ಮೂರರಲ್ಲೂ "ಸ್ವಲ್ಪ ಸರೀರಿ" ಅನ್ನೋದನ್ನು ಕಲಿತಿದ್ದೇವೆ. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ಕಂಡಕ್ಟರ್‌ಗೆ ಯಾವುದೋ ಗಲ್ಲಿಯ ಹೆಸರು ತಿಳಿಯದಿದ್ದರೆ ಪಕ್ಕದವರು ಹೇಳಿಕೊಟ್ಟರೆ ಮುಗಿಯಿತು. ಅದಕ್ಕೆ ಜಗಳ, ವಿಡಿಯೋ ಯಾಕೆ ಬೇಕು?

ಈಗ ಸಾಹೇಬರೇ, ನಿಮಗೆ.

ನಗರ ಸಾರಿಗೆಯ ಜವಾಬ್ದಾರಿ ಹೊತ್ತ ಅಧಿಕಾರಿಗಳೇ, ನಮ್ಮ ತಪ್ಪನ್ನು ನಾನು ಮುಚ್ಚಿಟ್ಟಿಲ್ಲ. ಈಗ ನಿಮ್ಮ ಪಾಲಿನದು ಕೇಳಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿ ಹೆಸರು ಬಂದಾಗ ನಾನೂ ಖುಷಿಪಟ್ಟವಳು. ನಾನು ಕೇಳುವುದು ಅಷ್ಟು ದೊಡ್ಡದೇನಲ್ಲ.

ಗಾಡಿಯನ್ನು ಸ್ಟಾಪಿನಲ್ಲೇ ನಿಲ್ಲಿಸಲು ಹೇಳಿ. ಮೂವತ್ತು ಹೆಜ್ಜೆ ಮುಂದೆ ಹೋಗಿ ನಿಂತರೆ ಓಡಬಲ್ಲವರಿಗೆ ಮಾತ್ರ ಬಸ್ಸು. ಕೋಲು ಹಿಡಿದವರಿಗೆ, ಬಸುರಿಗೆ, ಮಗು ಎತ್ತಿಕೊಂಡವರಿಗೆ ಇಲ್ಲ. ಫುಟ್‌ಪಾತಿಗೆ ಒತ್ತಿ ನಿಲ್ಲಿಸಬೇಕು, ಅದು ಇನ್ನೂ ಮುಖ್ಯ. ಹಳೆಯ ಗಾಡಿಗಳ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಫುಟ್‌ಪಾತಿನ ಪಕ್ಕ ನಿಂತರೆ ಆ ಎತ್ತರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ರಸ್ತೆಯ ನಡುವೆ ನಿಂತರೆ ಅಜ್ಜಿ ಪೂರ್ತಿ ಎತ್ತರ ಹತ್ತಬೇಕು, ಎಡಗಡೆಯಿಂದ ನುಸುಳುವ ಬೈಕನ್ನೂ ನೋಡಬೇಕು. ಫುಟ್‌ಪಾತಿನ ಪಕ್ಕ ಜಾಗ ಸಿಗಲ್ಲ ಅಂತ ಡ್ರೈವರ್‌ಗಳು ಹೇಳುತ್ತಾರೆ. ನಿಜ. ಸ್ಟಾಪಿನ ಮುಂದೆ ಬೈಕು, ಆಟೋ, ಬಂಡಿ ನಿಂತಿರುತ್ತವೆ. ಅವನ್ನು ತೆಗೆಸಲು ಪೊಲೀಸರ ಜೊತೆ ನೀವೇ ಮಾತಾಡಬೇಕು, ಡ್ರೈವರ್ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು.

ಗಾಡಿಯ ಟೈಮ್ ಬರೆದು ಹಾಕಿ. ಹೊಳೆಯುವ ಬೋರ್ಡು ಬೇಕಾಗಿಲ್ಲ, ಒಂದು ಹಾಳೆಗೆ ಪ್ಲಾಸ್ಟಿಕ್ ಹಾಕಿ ಅಂಟಿಸಿದರೂ ಸಾಕು. ಮುಂದಿನ ಗಾಡಿ 8.55ಕ್ಕೆ ಇದೆ ಅಂತ ಗೊತ್ತಿದ್ದರೆ, ಮತ್ತು ಅದು ನಿಜವಾಗಿ ಬಂದರೆ, ನಾನು ಈ ಗಾಡಿ ಬಿಟ್ಟು ಅದಕ್ಕೆ ಕಾಯುತ್ತೇನೆ. ಎರಡು ಗಾಡಿ ಬೆನ್ನಿಗೆ ಬೆನ್ನು ಬಂದಾಗ ಹಿಂದಿನದನ್ನು ಹತ್ತು ನಿಮಿಷ ತಡೆದು ಬಿಡುವ ಅಧಿಕಾರ ನಿಲ್ದಾಣದಲ್ಲಿ ಕೂತ ಕಂಟ್ರೋಲರ್‌ಗೆ ಇರಲಿ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಐದೂವರೆಯಿಂದ ಏಳೂವರೆ, ಉದ್ಯಮಬಾಗದ ಕಡೆ ಗಾಡಿ ಜಾಸ್ತಿ ಬೇಕು. ಪಾಳಿ ಬಿಡುವ ಹೊತ್ತು ನಿಮಗೂ ಗೊತ್ತಿದೆ.

ಕೊನೆಯದು, ಬೆಳಗಿನ ಎರಡು ತಾಸು ನಿಲ್ದಾಣದಲ್ಲಿ ಒಬ್ಬರನ್ನು ನಿಲ್ಲಿಸಿ. ಉದ್ಯಮಬಾಗದ ಗಾಡಿ ನಿಲ್ಲುವ ಜಾಗದಲ್ಲಿ ಎರಡು ಪೈಪು ನೆಟ್ಟು ಸಾಲು ಮಾಡಿಕೊಡಿ. ದೇವಸ್ಥಾನದಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಸಾಲು ನಿಲ್ಲುವ ಇದೇ ಜನ ಇಲ್ಲೂ ನಿಲ್ಲುತ್ತಾರೆ.

ಅದು ಆಗೋವರೆಗೆ ನಾವು ಕಾಯಬೇಕಾಗಿಲ್ಲ. ಹೋದ ವಾರದಿಂದ ನಾನು, ವಡಗಾವಿಯಿಂದ ಬರುವ ಒಬ್ಬ ಟೈಲರ್ ಅಕ್ಕ, ಮಚ್ಛೆಗೆ ಹೋಗುವ ಇಬ್ಬರು ಹುಡುಗರು ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ಗಾಡಿ ಬಂದಾಗ ಬಾಗಿಲಿನ ಒಂದು ಬದಿಗೆ ಇಬ್ಬರು, ಇನ್ನೊಂದು ಬದಿಗೆ ಇಬ್ಬರು ನಿಲ್ಲುತ್ತೇವೆ. "ಇಳಿಯೋರು ಇಳೀಲಿ, ಆಮ್ಯಾಲ ಹತ್ತೋಣ" ಅನ್ನುತ್ತೇವೆ, ಅಷ್ಟೇ. ಮೊದಲ ದಿನ ನಮ್ಮನ್ನೂ ದಬ್ಬಿಕೊಂಡು ಹೋದರು. ಎರಡನೇ ದಿನವೂ ಹೋದರು. ಗುರುವಾರ ಹತ್ತಿರ ಹತ್ತಿರ ಹತ್ತು ಜನ ನಮ್ಮ ಹಿಂದೆ ನಿಂತರು. ಶುಕ್ರವಾರ ಕೈಕೂಸು ಎತ್ತಿಕೊಂಡ ತಾಯಿಯೊಬ್ಬರು ಯಾರಿಗೂ ತಾಗದೆ ಇಳಿದರು. ಕಂಡಕ್ಟರ್ ನಮ್ಮನ್ನು ನೋಡಿ ಏನೂ ಹೇಳಲಿಲ್ಲ. ಎಲ್ಲರೂ ಹತ್ತುವವರೆಗೆ "ರೈಟ್" ಅನ್ನದೆ ಕಾದರು.

ಆ ಅಜ್ಜಿ ಮತ್ತೆ ಕಂಡಿಲ್ಲ. ಬೇರೆ ಗಾಡಿಗೆ ಬರುತ್ತಿರಬಹುದು.

ನಾಳೆ ಸೋಮವಾರ. 8.30ಕ್ಕೆ ನಾನು ಅಲ್ಲೇ ಇರುತ್ತೇನೆ, ಹೆಗಲಿಗೆ ನೀಲಿ ಚೀಲ, ಕೈಯಲ್ಲಿ ಬುತ್ತಿ ಡಬ್ಬಿ. ಬಾಗಿಲಿನ ಎಡಕ್ಕೆ ನಾನು ನಿಲ್ಲುತ್ತೇನೆ. ಮಚ್ಛೆಯ ಹುಡುಗರಿಗೆ ಈ ವಾರ ರಾತ್ರಿ ಪಾಳಿ, ಅವರು ಬರಲ್ಲ. ಬಲಕ್ಕೆ ಇಬ್ಬರು ಬೇಕು.

ಇಂತಿ ನಿಮ್ಮ,
ಮಹಾಂತೇಶ ನಗರದ ಒಬ್ಬ ಪ್ರಯಾಣಿಕಳು